ಮೈಸೂರು (ಹೆಸರು)

ಒಂದು ನಗರ, ಒಂದು ಸಂಸ್ಥಾನ, ಒಂದು ರಾಜ್ಯ, ಒಂದು ಚಿನ್ನದ ಗಣಿ: ನಾಲ್ಕಕ್ಕೂ ಸಂದ ಹೆಸರು. ಕೆ.ಜಿ.ಎಫ್.ನ ಮಾರಿಕುಪ್ಪಂ ಬಳಿಯ ‘ಮೈಸೂರು ಮೈನ್ಸ್’ಗೆ ಈ ಹೆಸರು ಬಂದದ್ದು ಅರಮನೆಯ ಊರಿನಿಂದಲ್ಲ, ಸಂಸ್ಥಾನದಿಂದ, ಆ ಊರು ರಸ್ತೆಯಲ್ಲಿ 200 ಕಿ.ಮೀ.ಗೂ ದೂರ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿದ್ದು 1880ರಲ್ಲಿ. ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್‌ನದು. ಬಂಡವಾಳ ಕರಗಿ ಗಣಿ ಮುಚ್ಚುವ ಮಾತು ನಡೆದಿದ್ದಾಗ ಕ್ಯಾಪ್ಟನ್ ಪ್ಲಮ್ಮರ್‌ಗೆ ಚಾಂಪಿಯನ್ ಲೋಡ್ ಎಂಬ ಸಮೃದ್ಧ ಅದಿರು ಸಿಕ್ಕಿತು. ಇಡೀ ಕೆ.ಜಿ.ಎಫ್. ಉಳಿದದ್ದೇ ಆ ಶೋಧದಿಂದ ಎನ್ನಬಹುದು.

ದೂರದ ಹೆಸರು ಹೊತ್ತ ಗಣಿ ಇದೊಂದೇ ಅಲ್ಲ. ನೆರೆಯ ನಂದಿದುರ್ಗ ಗಣಿಗೆ ಚಿಕ್ಕಬಳ್ಳಾಪುರದ ಬೆಟ್ಟದ ಹೆಸರಿದೆ. ಬಂಗಾರಪೇಟೆಯಂತೂ ಹಿಂದೆ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಚಿನ್ನದ ನೆರೆಗೆ ಈಗಿನ ಹೆಸರೇ ಸರಿ.

ಸ್ವಾತಂತ್ರ್ಯಾನಂತರ ‘ಮೈಸೂರು’ ರಾಜ್ಯದ ಹೆಸರಾಯಿತು. 1956ರಲ್ಲಿ ಗಣಿಗಳನ್ನು ರಾಷ್ಟ್ರೀಕರಿಸಿದ್ದು ಆ ರಾಜ್ಯ ಸರ್ಕಾರವೇ. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾದರೂ ಗಣಿಯ ಹೆಸರು ಬದಲಾಗಲಿಲ್ಲ. ಕೆ.ಜಿ.ಎಫ್.ನಲ್ಲಿ ಗಣಿಗಾರಿಕೆ ನಿಂತದ್ದು 2001ರ ಫೆಬ್ರವರಿ 28ರಂದು.