ಅಡ್ಡಗಾಳಿಯಲ್ಲಿ ಇಳಿಯುವ ವಿದ್ಯೆ

ಹೇಮಾವತಿಯಂಥ ಹೊಳೆ ತುಂಬಿ ಹರಿಯುವಾಗ ದೋಣಿಯ ಅಂಬಿಗನು ಎದುರು ದಡದ ಮೆಟ್ಟಿಲಿಗೆ ನೇರವಾಗಿ ಗುರಿಯಿಡುವುದಿಲ್ಲ. ದೋಣಿಯ ಮೂತಿಯನ್ನು ಪ್ರವಾಹದ ಮೇಲ್ಗಡೆಗೆ ತಿರುಗಿಸಿ ಹುಟ್ಟು ಹಾಕುತ್ತಾನೆ. ನೀರು ಕೆಳಕ್ಕೆ ಸೆಳೆಯುತ್ತದೆ. ದೋಣಿ ಸೇರಬೇಕಾದಲ್ಲಿಗೇ ಸೇರುತ್ತದೆ. ಗೊರೂರು, ಹೊಳೆನರಸೀಪುರ, ಹಳ್ಳಿಮೈಸೂರಿನ ಕಡೆಯವರಿಗೆ ಈ ಯುಕ್ತಿಯನ್ನು ವಿವರಿಸಬೇಕಾಗಿಲ್ಲ. ವಿಮಾನದ ಚಾಲಕನು ಬಹುಕಾಲದ ಅನಂತರ ಕಲಿತದ್ದೂ ಇದನ್ನೇ.

ಆದಿಯ ವಿಮಾನ ನಿಲ್ದಾಣಗಳು ವಿಶಾಲವಾದ ಹುಲ್ಲುಬಯಲುಗಳು. ಕಂಬದ ಮೇಲಿನ ಗಾಳಿಚೀಲವನ್ನು ನೋಡಿ, ಯಾವ ದಿಕ್ಕಿನಿಂದಲಾದರೂ ಗಾಳಿಗೆ ಎದುರಾಗಿ ಇಳಿಯಬಹುದಾಗಿತ್ತು. ವಿಮಾನಗಳು ಭಾರವಾದಂತೆ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಕಾಂಕ್ರೀಟಿನ ಓಡುದಾರಿಗಳು ಎಲ್ಲೆಡೆ ಬಂದವು. ದಾರಿಯ ದಿಕ್ಕು ಸ್ಥಿರವಾಯಿತು. ಗಾಳಿಯ ದಿಕ್ಕು ಆಗಲಿಲ್ಲ. ಅಡ್ಡಗಾಳಿ ನಿತ್ಯದ ಸಮಸ್ಯೆಯಾದದ್ದು ಹೀಗೆ.

ಬೆಂಗಳೂರಿನ ಎಚ್‌.ಎ.ಎಲ್‌. ನಿಲ್ದಾಣದಲ್ಲಿಯೂ 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣದಲ್ಲಿಯೂ ಓಡುದಾರಿ ಪೂರ್ವ-ಪಶ್ಚಿಮವಾಗಿದೆ. ಮುಂಗಾರಿನ ಪಡುವಣ ಗಾಳಿಗೂ ಚಳಿಗಾಲದ ಮೂಡಣ ಗಾಳಿಗೂ ಅದು ಹೊಂದುತ್ತದೆ. ಎಲ್ಲೆಡೆಯೂ ನೆಲ ಇಷ್ಟು ಉದಾರವಲ್ಲ. ಮಂಗಳೂರಿನ ಬಜಪೆ ಗುಡ್ಡದ ಮೇಲೆ 2006ರಲ್ಲಿ ಸಿದ್ಧವಾದ 2450 ಮೀಟರಿನ ಓಡುದಾರಿ ನೈಋತ್ಯಕ್ಕೆ ವಾಲಿದೆ. ನೇರ ಪಡುವಣದ ಗಾಳಿ ಅದಕ್ಕೆ ಸುಮಾರು 30 ಡಿಗ್ರಿ ಓರೆ. ಆಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಯಲ್ಲಿ 20ರಷ್ಟು ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ.

ಇದೇ ಬಜಪೆಗೆ 1951ರಲ್ಲಿ ಜವಾಹರಲಾಲ್ ನೆಹರು ಬಂದಿಳಿದದ್ದು ಡಕೋಟ ವಿಮಾನದಲ್ಲಿ. ಬಾಲಚಕ್ರದ ಆ ವಿಮಾನ ಓರೆಯಾಗಿ ನೆಲ ಮುಟ್ಟಿದರೆ ಬಾಲವೇ ಸುತ್ತಿಬರುವ ಭಯವಿತ್ತು. ಮೂತಿಯ ಕೆಳಗೆ ಚಕ್ರವುಳ್ಳ ಇಂದಿನ ವಿಮಾನಗಳು ತಾವಾಗಿಯೇ ನೇರವಾಗಲು ಯತ್ನಿಸುತ್ತವೆ. ಆದರೂ ಚಾಲಕನ ಕೆಲಸ ತಪ್ಪಿಲ್ಲ. ಒಂದು ಕ್ರಮದಲ್ಲಿ ಅವನು ಅಂಬಿಗನಂತೆ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ, ಏಡಿಯ ಹಾಗೆ ಓರೆಯಾಗಿ ಬರುತ್ತಾನೆ. ನೆಲ ಮುಟ್ಟುವ ಕ್ಷಣಕ್ಕೆ ಕಾಲಿನಿಂದ ಚುಕ್ಕಾಣಿಯನ್ನೊತ್ತಿ ಮೂತಿಯನ್ನು ನೇರಗೊಳಿಸುತ್ತಾನೆ. ಇನ್ನೊಂದರಲ್ಲಿ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಚುಕ್ಕಾಣಿಯನ್ನು ವಿರುದ್ಧವಾಗಿ ಒತ್ತುತ್ತಾನೆ. ರೆಕ್ಕೆಯ ಕೆಳಗೆ ಎಂಜಿನ್ ತೂಗುವ ಜೆಟ್ ವಿಮಾನಗಳಲ್ಲಿ ಹೆಚ್ಚು ತಗ್ಗಿಸುವಂತಿಲ್ಲ. ಎಂಜಿನ್ನೇ ನೆಲಕ್ಕೆ ತಾಗೀತು. ಆದುದರಿಂದ ಎರಡನ್ನೂ ಬೆರೆಸುವುದುಂಟು. ಇದನ್ನೆಲ್ಲ ಭೂಮಿಯ ಮೇಲಿನ ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಕೈಚಳಕಕ್ಕಿಂತ ಮಿಗಿಲಾದ ಪಾಠ ಮತ್ತೊಂದಿದೆ. ಗಾಳಿ ಮಿತಿ ಮೀರಿದರೆ, ದಾರಿ ಹೊಂದದಿದ್ದರೆ, ಇಳಿಯುವ ಯತ್ನವನ್ನು ಬಿಟ್ಟು ಮರಳಿ ಮೇಲೇರಬೇಕು. 2010ರ ಮೇ 22ರಂದು ಬಜಪೆಯಲ್ಲಿ 158 ಜನ ಮಡಿದಾಗ ಗಾಳಿ ಶಾಂತವಾಗಿತ್ತು. ಮರಳಿ ಮೇಲೇರುವಂತೆ ಸಹಚಾಲಕರು ಮೂರು ಸಲ ಹೇಳಿದ್ದರೆಂದು ವಿಚಾರಣೆ ತಿಳಿಸಿತು.

ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಮೇಲೆ ಹಳ್ಳಿಯ ಸಂಸಾರಗಳೂ ವಿಮಾನವೇರಿವೆ. ಇಳಿಯಬೇಕಾದ ವಿಮಾನ ಮತ್ತೆ ಮೇಲೇರಿದಾಗ ನಮಗೆ ಗಾಬರಿ, ಕೆಲವೊಮ್ಮೆ ಬೇಸರ. ಅದು ಚಾಲಕನ ಸೋಲಲ್ಲ. ಅವನ ಶಿಕ್ಷಣ ಫಲಿಸಿದ ಗಳಿಗೆ.