ಕರಡಿ ನಿವಾರಕ ಸಾಧನಗಳು

ಎದುರಾದ ಕರಡಿಯನ್ನು ಕೊಲ್ಲದೆ ಹಿಮ್ಮೆಟ್ಟಿಸಲು ಬಳಸುವ ಉಪಕರಣಗಳು. ಖಾರದ ಸ್ಪ್ರೇ, ಸದ್ದಿನ ಸಿಡಿಗುಂಡು, ಏರ್ ಹಾರ್ನ್, ವಿದ್ಯುತ್ ಬೇಲಿ, ವಿದ್ಯುದಾಘಾತ ಕೊಡುವ ಸ್ಟನ್ ಗನ್ ಮತ್ತು ಟೇಸರ್ ಇವುಗಳಲ್ಲಿ ಮುಖ್ಯವಾದವು. ಇವುಗಳ ಮೇಲಿನ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಕಂದು ಕರಡಿ ಮತ್ತು ಕಪ್ಪು ಕರಡಿಗಳಿರುವ ಉತ್ತರ ಅಮೆರಿಕದಲ್ಲಿ, ಅದರಲ್ಲೂ ಮೊಂಟಾನಾ ಮತ್ತು ಅಲಾಸ್ಕಾ ರಾಜ್ಯಗಳಲ್ಲಿ ನಡೆದಿದೆ. ಯಾವ ಸಾಧನವಾದರೂ ಅದರ ಬೆಲೆ ಗೊತ್ತಾಗುವುದು ಎರಡು ಪ್ರಶ್ನೆಗಳಿಂದ: ಕರಡಿ ಎಷ್ಟು ದೂರದಲ್ಲಿದ್ದಾಗ ಅದು ನಾಟುತ್ತದೆ, ಮತ್ತು ಕೈಗೆ ಸಿಗಲು ಎಷ್ಟು ಹೊತ್ತು ಬೇಕು. ಕಂದು ಕರಡಿಯ ಓಟ ಗಂಟೆಗೆ ಸುಮಾರು 55 ಕಿ.ಮೀ. ಮುಟ್ಟಬಲ್ಲದು, ಅಂದರೆ ಸೆಕೆಂಡಿಗೆ 15 ಮೀಟರ್. ಮೂವತ್ತು ಮೀಟರ್ ಆಚೆಯ ಪೊದೆಯಿಂದ ನುಗ್ಗಿದ ಪ್ರಾಣಿ ಎರಡೇ ಸೆಕೆಂಡಿನಲ್ಲಿ ಮೈಮೇಲಿರುತ್ತದೆ.

ಖಾರದ ಸ್ಪ್ರೇ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮತ್ತು ಅದರ ಬಳಗದ ರಾಸಾಯನಿಕಗಳೇ ಇದರ ಸತ್ವ. 1980ರ ದಶಕದ ಆರಂಭದಲ್ಲಿ ಮೊಂಟಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಯಾರಿ ಹಂಟ್ ಸೆರೆಯಲ್ಲಿದ್ದ ಕರಡಿಗಳ ಮೇಲೆ ಬಗೆಬಗೆಯ ನಿವಾರಕಗಳನ್ನು ಪರೀಕ್ಷಿಸಿದರು. ಅವರ ಪ್ರಬಂಧ 1984ರಲ್ಲಿ ಬಂತು. ಖಾರದ ಸ್ಪ್ರೇಯೇ ಭರವಸೆಯದೆಂದು ತೋರಿತು. ಅದೇ ಕೆಲಸದ ಬೆನ್ನಿಗೆ ಬಿಲ್ ಪೌಂಡ್ಸ್ ಎಂಬವರು ಅದನ್ನು ಮಾರುಕಟ್ಟೆಯ ಸರಕಾಗಿ ರೂಪಿಸಿದರು. ಅಮೆರಿಕದಲ್ಲಿ ಕರಡಿ ಸ್ಪ್ರೇಯನ್ನು ಕೀಟನಾಶಕಗಳ ಸಾಲಿನಲ್ಲಿ ಸೇರಿಸಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ನೋಂದಾಯಿಸುತ್ತದೆ. ಖಾರದ ಅಂಶ 1ರಿಂದ 2 ಶೇಕಡಾ ಇರಬೇಕು. ಚಿಮ್ಮುವ ದೂರ ಸುಮಾರು ಎಂಟು ಮೀಟರಿಗೆ ಕಡಿಮೆಯಿರದ, ಆರು ಸೆಕೆಂಡಾದರೂ ಸತತವಾಗಿ ಚಿಮ್ಮುವ ಡಬ್ಬಿಯನ್ನೇ ಕೊಳ್ಳಬೇಕೆಂಬುದು ತಜ್ಞರ ಸಲಹೆ. ಕಳ್ಳಕಾಕರಿಂದ ರಕ್ಷಿಸಿಕೊಳ್ಳಲು ಹೆಣ್ಣುಮಕ್ಕಳು ಕೈಚೀಲದಲ್ಲಿಟ್ಟುಕೊಳ್ಳುವ ಪುಟ್ಟ ಪೆಪ್ಪರ್ ಸ್ಪ್ರೇ ಇದಕ್ಕೆ ಬದಲಿಯಲ್ಲ. ಅದು ಹತ್ತಿರದ ಒಬ್ಬನ ಮುಖಕ್ಕೆ ಗುರಿಯಿಡುವ ಸಣ್ಣ ಧಾರೆ. ಕರಡಿ ಸ್ಪ್ರೇ ಮನುಷ್ಯನಿಗೂ ಪ್ರಾಣಿಗೂ ನಡುವೆ ಅಗಲವಾದ ಖಾರದ ಮೋಡವನ್ನೇ ಎಬ್ಬಿಸುತ್ತದೆ. ನುಗ್ಗಿ ಬರುವ ಕರಡಿ ತಾನಾಗಿಯೇ ಆ ಮೋಡವನ್ನು ಹೊಕ್ಕಾಗ ಕಣ್ಣು, ಮೂಗು, ಶ್ವಾಸನಾಳ ಒಟ್ಟಿಗೇ ಉರಿಯತೊಡಗುತ್ತವೆ. ಈ ಉರಿ ತಾತ್ಕಾಲಿಕ.

ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೇರೊ ಮತ್ತಿತರರು ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ 83 ಪ್ರಸಂಗಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ವಿಷಯದಲ್ಲಿ 92 ಶೇಕಡಾ, ಕಪ್ಪು ಕರಡಿಗಳ ವಿಷಯದಲ್ಲಿ 90 ಶೇಕಡಾ ಸಲ ಸ್ಪ್ರೇ ಅವುಗಳ ಹಾವಳಿಯನ್ನು ತಡೆದಿತ್ತು. ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಹಿಡಿದಿದ್ದವರಲ್ಲಿ 98 ಶೇಕಡಾ ಮಂದಿಗೆ ಗಾಯವಾಗಲಿಲ್ಲ. ಗಾಳಿ ಅಡ್ಡಿಮಾಡಿದ ಪ್ರಸಂಗಗಳಿದ್ದವು, ಆದರೂ ಖಾರ ಪ್ರತಿಸಲವೂ ಕರಡಿಯನ್ನು ತಲುಪಿತ್ತು. ಬಳಸಿದವರಿಗೇ ಕಣ್ಣುರಿ ತಗಲಿದ್ದೂ ಉಂಟು. ಇದೇ ತಂಡ 2012ರಲ್ಲಿ ಬಂದೂಕಿನ 269 ಪ್ರಸಂಗಗಳನ್ನು ನೋಡಿದಾಗ, ಕೈಯಲ್ಲಿದ್ದ ಬಂದೂಕನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವೆರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ತೂಗುವಾಗ ಎಚ್ಚರ ಬೇಕು, ಏಕೆಂದರೆ ಅವುಗಳ ಪ್ರಸಂಗಗಳು ಒಂದೇ ಬಗೆಯವಲ್ಲ. ಆದರೂ ಓಡಿಬರುವ ಪ್ರಾಣಿಗೆ ಗುರಿಯಿಡುವ ಕಷ್ಟ ಸ್ಪ್ರೇಯಲ್ಲಿ ಬಹಳ ಮಟ್ಟಿಗೆ ತಪ್ಪುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಡಬ್ಬಿ ಬೆನ್ನಚೀಲದೊಳಗಿದ್ದರೆ ಇದ್ದೂ ಇಲ್ಲದಂತೆ. ಅದು ಸೊಂಟದಲ್ಲೋ ಎದೆಯ ಪಟ್ಟಿಯಲ್ಲೋ ಇರಬೇಕು, ಸುರಕ್ಷಾ ಕೊಂಡಿಯನ್ನು ಹೆಬ್ಬೆರಳಿನಿಂದ ಕಳಚುವುದು ರೂಢಿಯಾಗಿರಬೇಕು. ಕರಡಿ ಸುಮಾರು 9ರಿಂದ 18 ಮೀಟರ್ ದೂರದಲ್ಲಿದ್ದಾಗ, ತುಸು ಕೆಳಮುಖವಾಗಿ ಚಿಮ್ಮಿಸಬೇಕು. ಮಳೆ, ಎದುರುಗಾಳಿ, ಕಡುಚಳಿ ಇದರ ಬಲವನ್ನು ಕುಗ್ಗಿಸುತ್ತವೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಡಬ್ಬಿ ಸಿಡಿಯಬಹುದು, ಮತ್ತು ವಿಮಾನದಲ್ಲಿ ಇದನ್ನು ಒಯ್ಯಲು ಅವಕಾಶವಿಲ್ಲ. ಸೊಳ್ಳೆಯ ಔಷಧಿಯಂತೆ ಮೈಗೋ ಡೇರೆಗೋ ಸಿಂಪಡಿಸುವುದು ದೊಡ್ಡ ತಪ್ಪು: ನೆಲಕ್ಕೆ ಬಿದ್ದ ಖಾರದ ವಾಸನೆ ಕಂದು ಕರಡಿಗಳನ್ನು ಸೆಳೆಯುತ್ತದೆ, ಅವು ಅದರ ಮೇಲೆ ಹೊರಳಾಡುತ್ತವೆ ಎಂದು ಸ್ಮಿತ್ 1998ರಲ್ಲೇ ತೋರಿಸಿದ್ದರು.

ವಿದ್ಯುದಾಘಾತದ ಸಾಧನಗಳು. ಇವುಗಳಲ್ಲಿ ಎರಡು ಬಗೆ. ಮೈಗೆ ಒತ್ತಿಹಿಡಿದು ಶಾಕ್ ಕೊಡುವ ಸ್ಟನ್ ಗನ್ನನ್ನು ಕರಡಿಯಿಂದ ರಕ್ಷಣೆಗೆಂದು ನೆಚ್ಚಿಕೊಳ್ಳಬಾರದು. ಅದು ಕೆಲಸ ಮಾಡುವಷ್ಟು ಹತ್ತಿರಕ್ಕೆ ಕರಡಿ ಬಂದಿದ್ದರೆ ಅದರ ಪಂಜವೂ ಹಲ್ಲೂ ಆಗಲೇ ಮನುಷ್ಯನನ್ನು ಮುಟ್ಟಿರುತ್ತವೆ. ದಟ್ಟ ಕೂದಲು, ಅದರಡಿಯ ಕೊಬ್ಬಿನ ಪದರ ಬೇರೆ ಅಡ್ಡ. ಟೇಸರ್ ಹಾಗಲ್ಲ. ತೆಳುತಂತಿ ಕಟ್ಟಿದ ಎರಡು ಮುಳ್ಳುಗಳನ್ನು ಅದು ದೂರಕ್ಕೆ ಹಾರಿಸುತ್ತದೆ. ಎರಡೂ ಚುಚ್ಚಿಕೊಂಡಾಗ ಅವುಗಳ ನಡುವಿನ ಸ್ನಾಯುಗಳು ಸೆಟೆದು ಪ್ರಾಣಿ ಕೆಲ ಕ್ಷಣ ತನ್ನ ಹಿಡಿತ ಕಳೆದುಕೊಳ್ಳುತ್ತದೆ. 2000ದ ದಶಕದಲ್ಲಿ ಅಲಾಸ್ಕಾದ ಮೀನು ಮತ್ತು ಬೇಟೆಪ್ರಾಣಿ ಇಲಾಖೆಯ ಲ್ಯಾರಿ ಲೂಯಿಸ್ ಇದನ್ನು ಮೂಸ್ ಎಂಬ ದೊಡ್ಡ ಜಿಂಕೆ ಮತ್ತು ಕರಡಿಗಳ ಮೇಲೆ ಪ್ರಯೋಗಿಸಿದರು. ಮುಂದೆ ಟೇಸರ್ ತಯಾರಿಸುವ ಕಂಪನಿಯು ವನ್ಯಪ್ರಾಣಿಗಳಿಗೆಂದೇ ಒಂದು ಮಾದರಿಯನ್ನು ಹೊರತಂದಿತು. ಕಸದ ತೊಟ್ಟಿಗೆ ಅಂಟಿಕೊಂಡ ಕರಡಿಗೆ ಮನುಷ್ಯರ ಬಳಿ ಸುಳಿಯಬಾರದೆಂದು ಕಲಿಸಲು ತರಬೇತಾದ ಸಿಬ್ಬಂದಿಯ ಕೈಯಲ್ಲಿ ಇದು ಉಪಯುಕ್ತ. ಒಂಟಿ ಚಾರಣಿಗನಿಗೆ ಅಲ್ಲ: ವ್ಯಾಪ್ತಿ ಹತ್ತು ಮೀಟರಿನ ಆಸುಪಾಸು, ಒಂದು ಮುಳ್ಳು ತಪ್ಪಿದರೂ ವಿದ್ಯುತ್ ಮಂಡಲ ಪೂರ್ಣವಾಗದು, ಮತ್ತು ಶಾಕ್ ನಿಂತೊಡನೆ ಕರಡಿ ಎದ್ದು ನಿಲ್ಲುತ್ತದೆ.

ವಿದ್ಯುತ್ತು ನಿಜಕ್ಕೂ ಗೆಲ್ಲುವುದು ಬೇಲಿಯಲ್ಲಿ. ಅಲ್ಲಿ ಕಾದು ನಿಲ್ಲುವುದು ತಂತಿ, ಬಂದು ಮುಟ್ಟುವುದು ಕರಡಿ, ಅದೂ ಬಹುಪಾಲು ತನ್ನ ಒದ್ದೆಯಾದ ಮೂಗಿನಿಂದ. ಜೇನುಪೆಟ್ಟಿಗೆ, ಕೋಳಿಗೂಡು, ಶಿಬಿರಗಳನ್ನು ಮೊಂಟಾನಾ, ಅಲಾಸ್ಕಾಗಳಲ್ಲಿ ಹೀಗೇ ಕಾಯುತ್ತಾರೆ. ವೋಲ್ಟೇಜ್ ಸಾವಿರಗಳಲ್ಲಿದ್ದರೂ ಮಿಡಿತ ಕ್ಷಣಮಾತ್ರದ್ದಾದ್ದರಿಂದ ಜೀವಕ್ಕೆ ಅಪಾಯವಿಲ್ಲ. ನಮ್ಮ ಹೊಲಗಳ ಸೋಲಾರ್ ಬೇಲಿಯದೂ ಇದೇ ತತ್ವ. ಕರೆಂಟ್ ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ ಹಾಯಿಸುವುದು ಬೇರೆಯೇ ಕೃತ್ಯ. ಅದು ಕಾನೂನುಬಾಹಿರ, ಆನೆ, ಕರಡಿ, ದನ, ರೈತ ಎಂಬ ಭೇದವಿಲ್ಲದೆ ಕೊಲ್ಲುತ್ತದೆ.

ಸದ್ದು. ಸಿಡಿಗುಂಡು, ಹಾರ್ನ್‌ಗಳು ದೂರದ ಕರಡಿಯನ್ನು ಚದುರಿಸಲು ಸರಿ. ಗುಂಡು ಕರಡಿಯನ್ನು ದಾಟಿ ಆಚೆ ಸಿಡಿದರೆ ಪ್ರಾಣಿ ಹಾರಿಸಿದವನತ್ತಲೇ ಓಡಿಬರುವ ಅಪಾಯವಿದೆ. ಚೀಲಕ್ಕೆ ಕಟ್ಟುವ ಸಣ್ಣ ಗೆಜ್ಜೆಯ ಸದ್ದು ಹೊಳೆಯ ಮೊರೆತದಲ್ಲಿ ಅಡಗಿಹೋಗುತ್ತದೆ. ಮನುಷ್ಯನ ಮಾತು, ಕೂಗು ಅದಕ್ಕಿಂತ ಮೇಲು.

ಭಾರತದ ಕರಡಿ. ದಕ್ಷಿಣ ಏಷ್ಯಾದ ಸ್ಲಾತ್ ಕರಡಿ ಗೆದ್ದಲು, ಹಣ್ಣು, ಜೇನು ತಿಂದು ಬದುಕುವ ಪ್ರಾಣಿ. ಆದರೆ ಹುಲಿಯಿರುವ ಕಾಡಿನಲ್ಲಿ ವಿಕಾಸಗೊಂಡದ್ದರಿಂದ, ಬೆಚ್ಚಿದಾಗ ಓಡುವ ಬದಲು ಮೇಲೆ ಬೀಳುವುದು ಅದರ ಸ್ವಭಾವ. ಅದು ತಲೆ ಮತ್ತು ಮುಖಕ್ಕೇ ಬಾಯಿಹಾಕುವುದರಿಂದ ಗಾಯಗಳು ಭೀಕರ. ಈ ಕರಡಿಗೆಂದೇ ಹಂಪಿಗೆ ಹತ್ತಿರದ ದರೋಜಿ ಕರಡಿಧಾಮವು 1994ರಲ್ಲಿ ಘೋಷಣೆಯಾಯಿತು. ಅಲ್ಲಿನ ಬಯಲುಸೀಮೆಯಲ್ಲಿ ಕಲ್ಲುಗುಡ್ಡದ ಪಕ್ಕದಲ್ಲೇ ಹೊಲ, ತೋಟ, ಕುರಿದಾರಿಗಳಿವೆ. ನಸುಕಿನಲ್ಲಿ ಬಹಿರ್ದೆಸೆಗೆ ಹೋದವರು, ಸೌದೆಗೆ ಹೋದವರು, ಕುರಿ ಕಾಯುವವರು ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ದುಬಾರಿ ಡಬ್ಬಿಯ ಮಾತು ಇವರ ಮಟ್ಟಿಗೆ ದೂರದ್ದು. ಇವರಿಗೆ ನೆರವಾಗುವುದು ಮನೆಯ ಶೌಚಾಲಯ, ಕೈಯಲ್ಲೊಂದು ಟಾರ್ಚು, ಗುಂಪಾಗಿ ಗಟ್ಟಿಯಾಗಿ ಮಾತಾಡುತ್ತ ನಡೆಯುವ ಅಭ್ಯಾಸ. ಗೆದ್ದಲು ಹೀರುವಾಗ ಈ ಕರಡಿ ತಾನೇ ದೊಡ್ಡ ಸದ್ದು ಮಾಡುತ್ತದೆ. ಹಾಗಾಗಿ ಪಿಸುಮಾತು ಅದಕ್ಕೆ ಕೇಳಿಸದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿ ಈ ಕರಡಿಗೆ ರಕ್ಷಣೆಯಿದೆ. ದಾಳಿ ತಪ್ಪದೆಂದಾದಾಗ ಓಡಬಾರದು. ಬೋರಲು ಬಿದ್ದು ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು, ಕರಡಿ ದೂರ ಹೋಗುವ ತನಕ ಅಲುಗಾಡದಿರಬೇಕೆಂದು ಈ ಪ್ರಾಣಿಯನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ.