ಹರಿಹರದ ಲೇತ್, ಬಿಡದಿಯ ಕಾರು

ದಾವಣಗೆರೆ ವಿದ್ಯಾನಗರದ ಹಿರಿಯರನ್ನ ಕೇಳಿ ನೋಡಿ, ಹರಿಹರ ಅಂದ್ರೆ ಕಿರ್ಲೋಸ್ಕರ್ ಅಂತಾರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿತ್ತು. (ಎಂಜಿನಿಯರಿಂಗ್ ಓದೋವಾಗ ವರ್ಕ್‌ಶಾಪ್‌ನಲ್ಲಿ ನಾವೆಲ್ಲ ಬೆವರು ಸುರಿಸಿದ್ದು ಅಂಥ ಯಂತ್ರದ ಮುಂದೇ.) 1991ರ ನಂತರ ಆಮದಿಗೆ ಬಾಗಿಲು ತೆರೆಯಿತು. ಕಂಪ್ಯೂಟರ್ ಹೇಳಿದಂತೆ ಕೊರೆಯುವ ವಿದೇಶಿ ಯಂತ್ರಗಳು ಬಂದವು. ಹತ್ತು ವರ್ಷ ಕಳೆಯುವ ಹೊತ್ತಿಗೆ ಹರಿಹರದ ಕಾರ್ಖಾನೆಗೆ ಬೀಗ ಬಿತ್ತು.

ಅದೇ ಮನೆತನದ ವಿಕ್ರಮ್ ಕಿರ್ಲೋಸ್ಕರ್ 1997ರಲ್ಲಿ ಟೊಯೊಟಾ ಜೊತೆ ಕೈಜೋಡಿಸಿದರು, ಬಿಡದಿಯಲ್ಲಿ ಕಾರು ಕಾರ್ಖಾನೆ ಎದ್ದಿತು. ಇಷ್ಟು ದೊಡ್ಡ ಕಂಪನಿ ಜೊತೆಗಿದ್ದ ಮೇಲೆ ಇನ್ನೇನು ಭಯ?

ಇತ್ತು. ಅದೇ ವರ್ಷ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಘಟಕಕ್ಕೆ ಬೆಂಕಿ ಬಿತ್ತು. ಅಲ್ಲಿ ತಯಾರಾಗ್ತಿದ್ದದ್ದು ಬ್ರೇಕಿನ ಒಂದು ಸಣ್ಣ ವಾಲ್ವ್. ಟೊಯೊಟಾ ದಾಸ್ತಾನು ಪೇರಿಸಿಡೋದಿಲ್ಲ, ಬೇಕಾದಾಗ ಬೇಕಾದಷ್ಟೇ ತರಿಸುತ್ತೆ. ದುಡ್ಡು ಉಳಿಯುತ್ತೆ, ನಿಜ. ಆದರೆ ಆ ವಾರ ಜಪಾನಿನ ಅದರ ಕಾರ್ಖಾನೆಗಳು ಹೆಚ್ಚುಕಡಿಮೆ ಎಲ್ಲವೂ ನಿಂತವು. ಬೇರೆ ಪೂರೈಕೆದಾರರು ತಮ್ಮ ತಮ್ಮ ಯಂತ್ರಗಳಲ್ಲಿ ಆ ವಾಲ್ವ್ ಕೊರೆದುಕೊಟ್ಟು ಮಾನ ಉಳಿಸಿದರು.

2011ರಲ್ಲಿ ಜಪಾನಿಗೆ ಸುನಾಮಿ ಬಡಿಯಿತು, ಬಿಡಿಭಾಗ ಸಾಲದೆ ಬಿಡದಿಯಲ್ಲೂ ಉತ್ಪಾದನೆ ಇಳಿಯಿತು. 2015ರ ಡಿಸೆಂಬರ್‌ನಲ್ಲಿ ಬಂದದ್ದು ಸುಪ್ರೀಂ ಕೋರ್ಟ್ ಆದೇಶ: ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಮೇಲಿನ ಡೀಸೆಲ್ ಕಾರುಗಳಿಗೆ ನೋಂದಣಿ ಇಲ್ಲ. ಇನ್ನೋವಾ ಸುಮಾರು 2500 ಸಿಸಿ! ಕಾರಿನಲ್ಲಿ ದೋಷ ಇರಲಿಲ್ಲ, ಗಿರಾಕಿನೂ ಇದ್ದ, ಮಾರೋ ಹಾಗಿಲ್ಲ ಅಷ್ಟೇ. ಎಂಟು ತಿಂಗಳ ಆ ಪೆಟ್ಟು ತಾಳುವ ಗಂಟು ಟೊಯೊಟಾ ಹತ್ರ ಇತ್ತು. ಹರಿಹರಕ್ಕೆ ಅಂಥ ಬೆಂಬಲ ಯಾರಿತ್ತು?

2016ರ ಆಗಸ್ಟ್‌ನಲ್ಲಿ ಶೇಕಡ 1ರ ಶುಲ್ಕ ವಿಧಿಸಿ ಕೋರ್ಟ್ ತಡೆ ತೆಗೆಯಿತು. ಅಷ್ಟರಲ್ಲಿ ಕಂಪನಿ ಪೆಟ್ರೋಲ್ ಇನ್ನೋವಾ ಕ್ರಿಸ್ಟಾವನ್ನೂ ಮಾರುಕಟ್ಟೆಗೆ ಇಳಿಸಿಯಾಗಿತ್ತು.